ಗೋಡೆಯಾಚೆಯ ಹೂಂ

ಕಾಲು ಒಳಗಿಟ್ಕೋ ಪುಟ್ಟಿ, ಕಂಬಳಿ ಎಳಕೋ. ಹಾಂ, ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಒಂದೂರಿತ್ತಂತೆ. ಆ ಊರಿಗೆ ಒಂದು ಕೆಟ್ಟ ಜ್ವರ ಬಂತಂತೆ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕಿದ್ರೆ ಸಾಕು, ಅವರೂ ಹಾಸಿಗೆ ಹಿಡಿಯೋರಂತೆ. ಆಮೇಲೆ ರಾಜ ಡಂಗುರ ಹೊಡೆಸಿದನಂತೆ, ಯಾರೂ ಹೊಸಿಲು ದಾಟಬಾರದು, ಮಕ್ಕಳಂತೂ ಬೀದಿ ಕಡೆ ತಲೆ ಹಾಕಲೇಬಾರದು ಅಂತ. ಅವನಿಗೇನು, ಅರಮನೇಲಿ ನೂರಾರು ಕೋಣೆ, ಒಂದರಿಂದ ಇನ್ನೊಂದಕ್ಕೆ ಓಡಾಡಿಕೊಂಡಿದ್ದ. ಸಣ್ಣ ಮನೆ ಮಕ್ಕಳು ಏನು ಮಾಡಬೇಕು ಹೇಳು?

ಆ ಊರಲ್ಲಿ ದೇವೀರಿ ಅಂತ ಒಂದು ಹುಡುಗಿ ಇದ್ಲಂತೆ. ಎತ್ತರ ನಿನ್ನಷ್ಟೇ, ಬಾಯಿ ಮಾತ್ರ ನಿನಗಿಂತ ಜೋರು. ಅಣ್ಣ ಇಲ್ಲ, ತಂಗಿ ಇಲ್ಲ. ಕತೆ ಹೇಳೋ ಹುಚ್ಚು ಅವಳಿಗೆ. ಬೀದಿ ಮಕ್ಕಳನ್ನೆಲ್ಲ ಜಗಲಿ ಮೇಲೆ ಕೂರಿಸಿಕೊಂಡು ಹೇಳ್ತಿದ್ಲಂತೆ. ಆ ಊರಲ್ಲೊಂದು ಕಟ್ಟುಪಾಡು, ಕತೆ ಕೇಳೋರು ಮಾತಿಗೊಂದು ಹೂಂ ಅನ್ನಬೇಕು, ಹೂಂ ಬರದಿದ್ರೆ ಕತೆ ಮುಂದಕ್ಕೆ ಹೋಗೋ ಹಾಗಿಲ್ಲ. ಈಗ ನೋಡಿದ್ರೆ ಜಗಲಿ ಬರಿದು. ಕುಂಟೆಬಿಲ್ಲೆ ಗೆರೆ ಒಬ್ಬಳೇ ಎಳೆಯೋದು, ಒಬ್ಬಳೇ ಕುಂಟೋದು, ಚೌಕಾಬಾರದಲ್ಲಿ ತನ್ನ ಕಾಯಿ ತಾನೇ ಹೊಡೆಯೋದು. ಸೋತರೂ ಅವಳೇ, ಗೆದ್ದರೂ ಅವಳೇ. ಆ ಮಗೂಗೆ ಎಷ್ಟು ಬೇಜಾರು ಅಂದ್ರೆ, ಉಣ್ಣೋಕೆ ಕೂತೋಳು ತಟ್ಟೆ ಮುಂದೆ ಸುಮ್ಮಸುಮ್ಮನೆ ಅಳೋಳಂತೆ.

ಆಮೇಲೆ ಮೊದಲು ಅವ್ವನ ಹತ್ರ ಹೋಗಿ, ಅವ್ವಾ ಕತೆ ಹೇಳ್ತೀನಿ ಹೂಂ ಅನ್ನು ಅಂದ್ಲಂತೆ. ಅವ್ವ ಡಬ್ಬದ ತಳದಲ್ಲಿ ಉಳಿದಿದ್ದ ರಾಗಿಹಿಟ್ಟನ್ನೇ ನೋಡ್ತಾ ಹೂಂ ಹೂಂ ಅಂದ್ಲಂತೆ. ಇವಳಿಗೆ ಅನುಮಾನ ಬಂದು, ಆಗ ರಾಜ ಕಂಬಳಿ ಹೊದ್ದು ಮೊಟ್ಟೆ ಇಟ್ಟ ಅಂದ್ರೆ ಅದಕ್ಕೂ ಹೂಂ! ಸಿಟ್ಟು ಮಾಡಿಕೊಂಡು ಎದ್ದು ಆಡಿನ ಹತ್ರ ಹೋದ್ಲಂತೆ. ಆಡು ಕಿವಿ ನಿಮಿರಿಸಿ ಕೇಳ್ತಾ ಕೇಳ್ತಾ ಅವಳ ಲಂಗದ ಅಂಚನ್ನೇ ಅಗಿದುಹಾಕ್ತಂತೆ. ಆಮೇಲೆ ಮೂರನೇದು ಹಿತ್ತಲಿನ ಒರಳುಕಲ್ಲು. ಅದೇನೋ ಅಲ್ಲಾಡದೆ ಕೂತಿತ್ತು, ಆದ್ರೆ ಕಲ್ಲು ಹೂಂ ಅನ್ನುತ್ತಾ? ಮೂರು ಜನ ಅಣ್ಣತಮ್ಮಂದಿರು ಆಕಾಶಕ್ಕೆ ಏಣಿ ಹಾಕಿದ್ರು, ಅಂತ ಒಂದು ಮಾತು ಹೇಳಿ, ಅಲ್ಲಿಗೇ ನಿಲ್ಲಿಸಿ, ಗೊಳೋ ಅಂತ ಅತ್ತಳಂತೆ.

ಆಗ ಗೋಡೆಯಾಚೆಯಿಂದ ಸಣ್ಣಗೆ, ಹೂಂ ಅಂತ ಕೇಳಿಸ್ತಂತೆ.

ಬೆಚ್ಚಿಬಿದ್ಲಂತೆ. ಪಕ್ಕದ ಮನೆ ಖಾಲಿ ಬಿದ್ದಿತ್ತಲ್ಲ! ಯಾರು ಅಂದ್ಲಂತೆ. ನಾನು ಜೈನಾಬಿ, ಕಲಾಯಿ ಸಾಬರ ಮಗಳು, ಪಾತ್ರೆ ಒಳಗೆ ತವರದ ಕಲಾಯಿ ಹಾಕೋಕೆ ಅಪ್ಪನ ಜೊತೆ ಬಂದಿದ್ದೆ, ಬಂದ ದಿನವೇ ಊರಬಾಗಿಲು ಹಾಕಿಬಿಟ್ರು, ಈ ಖಾಲಿ ಮನೇಲಿ ಉಳಕೊಂಡ್ವಿ, ಇಲ್ಲಿ ನನಗೆ ಯಾರೂ ಗೊತ್ತಿಲ್ಲ, ಏಣಿ ಹಾಕಿದ ಮೇಲೆ ಏನಾಯ್ತು ಹೇಳು ಅಂತಂತೆ ಆ ದನಿ. ಆವತ್ತಿಂದ ದಿನಾ ಸಂಜೆ ಇವಳು ಈ ಕಡೆ, ಅವಳು ಆ ಕಡೆ. ದೊಡ್ಡೋನು ಏಣಿ ಹತ್ತಿ ಮೋಡ ಕಂಡು ಹೆದರಿ ಇಳಿದ, ಹೂಂ. ನಡುವಿನೋನು ಹತ್ತಿ, ಹಸಿವಾಗಿ ಇಳಿದ, ಹೂಂ. ದೇವೀರಿ ತಟ್ಟೇಲಿ ಹಾಕಿದ್ದನ್ನೆಲ್ಲ ಉಣ್ಣೋಕೆ ಶುರುಮಾಡಿದ್ಲಂತೆ.

ಒಂದು ಸಂಜೆ, ಕಿರಿಯೋನು ಏಣಿಗೆ ಕಾಲಿಟ್ಟ ಅಂದ್ಲಂತೆ. ಹೂಂ ಇಲ್ಲ. ಇನ್ನೊಂದು ಸಲ ಅಂದ್ಲಂತೆ. ಇಲ್ಲ. ಮೂರನೇ ಸಲ ಗೋಡೆ ಗುದ್ದಿದ್ಲಂತೆ. ಆಗ ಸಾಬರು ಮಾತಾಡಿದ್ರಂತೆ, ಅವಳಿಗೆ ಜ್ವರ ಕಣಮ್ಮಾ, ತುಟಿ ಬಿಚ್ಚೋಕಾಗ್ತಿಲ್ಲ, ಆದ್ರೂ ನಿನ್ನ ಗೋಡೆ ಕಡೆಗೇ ಮುಖ ಮಾಡಿ ಮಲಗಿದ್ದಾಳೆ ಅಂತ. ದೇವೀರಿ ಏನು ಮಾಡ್ಬೇಕು? ಹೂಂ ಇಲ್ಲದೆ ಹೇಳಬಾರದು, ಹೇಳದೆ ಬಿಟ್ರೆ ಆ ಕಡೆ ಅವಳೊಬ್ಬಳೇ. ಕಟ್ಟುಪಾಡು ಹಾಳಾಗಿ ಹೋಗಲಿ ಅಂತ ಹೇಳೋಕೆ ಕೂತ್ಲಂತೆ. ಮಾತಿಗೊಂದು ಸಲ ನಿಲ್ಲಿಸೋಳು, ಹೂಂ ಬರೋ ಅಷ್ಟು ಹೊತ್ತು ಕಾಯೋಳು, ಬರ್ತಿರಲಿಲ್ಲ, ಮುಂದಕ್ಕೆ ಹೋಗೋಳು. ಕತೆ ಮುಗಿದ್ರೆ ಅವಳೂ ಎಲ್ಲಿ ಮುಗಿದುಹೋಗ್ತಾಳೋ ಅಂತ ಹೆದರಿ, ಏಣಿಗೆ ಮೆಟ್ಟಿಲ ಮೇಲೆ ಮೆಟ್ಟಿಲು ಸೇರಿಸಿದ್ಲಂತೆ. ಒಂದು ಮೆಟ್ಟಿಲಲ್ಲಿ ಕಾಗೆ ಸಂಸಾರ, ಇನ್ನೊಂದರಲ್ಲಿ ಚಂದ್ರ ತನ್ನ ಒಗೆದ ಅಂಗಿ ಒಣಹಾಕಿದ್ದನಂತೆ. ಅವ್ವ ಬಂದು ಪಕ್ಕ ಕೂತು, ನಾನು ಹೂಂ ಅಂತೀನಿ ಬಿಡು ಮಗಳೇ ಅಂದ್ಲಂತೆ. ಬೇಡ ಅವ್ವಾ, ಅದು ಅವಳ ಜಾಗ ಅಂದ್ಲಂತೆ ದೇವೀರಿ. ಮೂರನೇ ಸಂಜೆ, ಕಿರಿಯೋನಿಗೆ ಕಾಲು ನೋಯ್ತು, ಮೆಟ್ಟಿಲ ಮೇಲೇ ಕೂತ್ಕೊಂಡ ಅಂದಾಗ ಆಚೆಯಿಂದ, ಉಸಿರಿಗಿಂತ ಒಂಚೂರೇ ಜೋರಾಗಿ, ಹೂಂ ಅಂತಂತೆ. ಅವ್ವ ಮಗಳು ಇಬ್ಬರೂ ತಬ್ಬಿಕೊಂಡು ಅತ್ತರಂತೆ.

ಆಮೇಲೆ ಜ್ವರ ಊರು ಬಿಡ್ತಂತೆ, ಬಾಗಿಲು ತೆಗೆದ್ರಂತೆ. ತಿಂಗಳುಗಟ್ಟಲೆ ಮನೇಲೇ ಹುಳಿ ಕುದಿಸಿ ಕುದಿಸಿ ಊರ ಪಾತ್ರೆಗಳ ಕಲಾಯಿಯೆಲ್ಲ ಹೋಗಿತ್ತಲ್ಲ, ಸಾಬರನ್ನ ಯಾರೂ ಬಿಟ್ಟುಕೊಡಲಿಲ್ಲವಂತೆ, ಆ ಮನೆಗೇ ಹೊಸ ಹೆಂಚು ಹೊದಿಸಿಕೊಂಡು ಉಳಿದ್ರಂತೆ. ದೇವೀರಿ ಬೀದಿಗೆ ಓಡಿದ್ರೆ ಎದುರಿಗೆ ಒಂದು ಬಡಕಲು ಹುಡುಗಿ ನಿಂತಿದ್ಲಂತೆ. ಒಬ್ಬರ ಮುಖ ಒಬ್ಬರು ನೋಡಿದೋರೇ ಅಲ್ಲ. ಅಷ್ಟು ನಾಚಿಕೆ! ಕಾಲಬೆರಳಲ್ಲಿ ಮಣ್ಣು ಕೆರೀತಾ ನಿಂತ್ರಂತೆ. ಕೊನೆಗೆ ಜೈನಾಬಿ ಆ ಕಡೆ ತಿರುಗಿ ನಡುಬೀದೀಲೇ ಕೂತುಬಿಟ್ಲಂತೆ. ದೇವೀರಿ ಅವಳ ಬೆನ್ನಿಗೆ ಬೆನ್ನು ಹಚ್ಚಿ ಕೂತು, ಕಿರಿಯೋನು ಎದ್ದು ಕೊನೇ ಮೆಟ್ಟಿಲು ಹತ್ತಿದ ಅಂದ್ಲಂತೆ. ಹೂಂ ಅಂದ್ಲಂತೆ ಜೈನಾಬಿ. ಈ ಸಲ ಅದು ಕಿವಿಗಿಂತ ಮೊದಲು ಬೆನ್ನಿಗೆ ಕೇಳಿಸ್ತಂತೆ.

ಅವರ ಕತೆ ಬೀದೀಲಿ ನಡೀತಾ ಇರಲಿ, ನಮ್ಮ ಕತೆ ಇಲ್ಲಿಗೆ ಮುಗೀತು. ಕಣ್ಣು ಮುಚ್ಚು ನನ್ನ ಕಂದ.