ಒಳಗೆ ಒಬ್ಬರಿದ್ದಾರೆ

ಸೆಮಿನರಿಯಲ್ಲಿ ಪಾದ್ರಿಯ ಓದು ಮುಗಿಸಿ ಚರ್ಚಿನ ಸಭಾಸೇವೆಗೆ ಹೊರಟಿದ್ದ ಸತ್ಯಮಿತ್ರನಿಗೆ ಮದುವೆ ಗೊತ್ತಾಗಿತ್ತು. ಹೋಗಿಬರುತ್ತೇನೆಂದು ಹೇಳಲು ಬಂದವನು ಗುರುಗಳನ್ನು ಕೇಳಿದ: "ಅಯ್ಯನವರೇ, ಇಡೀ ಸಭೆಗೆ ತನ್ನನ್ನು ಕೊಟ್ಟುಕೊಂಡವನು ಹೆಂಡತಿಗೆ ಏನು ಕೊಡಬೇಕು?"

ಗುರುಗಳು ಅವನನ್ನು ಕೂರಿಸಿ ಹೇಳಿದರು.

ಒಬ್ಬ ಸಭಾಪಾಲಕನಿದ್ದ. ಯಾರ ಮನೆಯಲ್ಲಿ ಸಾವಾದರೂ, ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅವನು ಅಲ್ಲಿರಬೇಕು. ಮನೆಗೆ ಬಂದರೆ ಜಗಲಿಯ ತುಂಬ ಜನ. ಅವನ ಹೆಂಡತಿ ಬಂದವರಿಗೆಲ್ಲ ಚಹಾ ಕೊಟ್ಟಳು, ಮಕ್ಕಳಿಗೆ ಹಾಡು ಕಲಿಸಿದಳು, ಹೆಂಗಸರ ಕಷ್ಟ ಕೇಳಿದಳು. ತನ್ನ ಕಷ್ಟ ಹೇಳಿಕೊಳ್ಳಲು ಮಾತ್ರ ಅವಳಿಗೆ ಯಾರೂ ಇರಲಿಲ್ಲ. ಸಭೆಗೆಲ್ಲ ಅವಳು ಅಮ್ಮನವರು; ಅಮ್ಮನವರು ಅತ್ತರೆ ಊರೆಲ್ಲ ಸುದ್ದಿಯಾಗುತ್ತದೆ. ಗಂಡ ಒಳ್ಳೆಯವನು, ಒಂದು ದಿನ ಗದರಿದವನಲ್ಲ. ಹಾಗಾಗಿ ದೂರಲೂ ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಒಮ್ಮೆ ಜಗಳವಾಡಿಕೊಂಡ ಗಂಡಹೆಂಡಿರು ನ್ಯಾಯಕ್ಕೆ ಬಂದರು. ದಿನಕ್ಕೊಮ್ಮೆಯಾದರೂ ಹೆಂಡತಿಯ ಹತ್ತಿರ ಕೂತು ಅವಳ ಮಾತು ಕೇಳಪ್ಪ ಎಂದು ಸಭಾಪಾಲಕ ಆ ಗಂಡನಿಗೆ ಬುದ್ಧಿ ಹೇಳಿದ. ಅಡಿಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಪಾಲಕನ ಹೆಂಡತಿಯ ಕೈ ನಿಂತಿತು. ಅವರು ಹೋದ ಮೇಲೆ ಅವಳು ಹೊರಗೆ ಬಂದಳು.

"ನಾನೂ ನಿಮ್ಮ ಸಭೆಯವಳೇ ಅಲ್ಲವೇ?"

ಅವನು ತಲೆ ತಗ್ಗಿಸಿ ಎದ್ದು ಹೋದ. ಕೇಳಬಾರದಿತ್ತೇನೋ ಎಂದು ಅವಳು ನೊಂದುಕೊಂಡಳು.

ಮರುದಿನ ಸಂಜೆ ಅವನು ಅಡಿಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತ. ಏನು ಕೇಳಬೇಕೆಂದು ತಿಳಿಯದೆ ಮೊರದಲ್ಲಿದ್ದ ಅವರೆಕಾಯಿ ಸುಲಿಯತೊಡಗಿದ. ಅವಳಿಗೆ ನಗು ಬಂತು. ನಗುತ್ತಲೇ ಮಾತು ಶುರುಮಾಡಿದವಳು ತವರಿನ ಸುದ್ದಿಗೆ ಬಂದಳು. ತಾಯಿಯ ಕಣ್ಣು ಮಂದವಾಗುತ್ತಿದೆ ಎಂದಳು.

ಅಷ್ಟರಲ್ಲಿ ಸಭೆಯ ಹಿರಿಯರೊಬ್ಬರು ಹೊರಗಿನಿಂದ ಕೂಗಿದರು. ಅವರು ದಿನವೂ ಸಂಜೆ ಬಂದು ಊಟದ ಹೊತ್ತು ಮೀರುವ ತನಕ ಜಗಲಿಯಲ್ಲಿ ಕೂರುವವರು. ಅವಳ ಮಾತು ಅಲ್ಲಿಗೇ ನಿಂತಿತು. ಚಹಾಕ್ಕೆ ನೀರಿಡಲು ಎದ್ದಳು. ಗಂಡ ಅವಳನ್ನು ಕೂರಿಸಿ ತಾನೇ ಬಾಗಿಲಿಗೆ ಹೋದ. ಅವನು ಹೇಳಿದ್ದು ಅವಳಿಗೆ ಕೇಳಿಸಿತು.

"ಒಳಗೆ ಒಬ್ಬರು ಮಾತಾಡುತ್ತಿದ್ದಾರೆ. ಮುಗಿಯಲಿ, ಬರುತ್ತೇನೆ."

ತಿರುಗಿ ಬಂದು ಮಣೆಯ ಮೇಲೆ ಕೂತು, "ನೀನು ಅವ್ವನ ಕಣ್ಣಿನ ವಿಷಯ ಹೇಳುತ್ತಿದ್ದೆ" ಎಂದ.

ಅವಳು ಮೊರವನ್ನು ಇಬ್ಬರ ನಡುವೆ ಎಳೆದುಕೊಂಡಳು. ಅವನು ಅವರೆಕಾಯಿ ಸುಲಿಯುತ್ತ ಕಾದ.

ಸತ್ಯಮಿತ್ರ ಕೇಳಿದ: "ಹೊರಗೆ ಕಾದ ಹಿರಿಯರಿಗೆ ಬೇಸರವಾಗಲಿಲ್ಲವೇ?"

ಗುರುಗಳು ಹೇಳಿದರು: "ಅವರು ಕಾಯಲಿಲ್ಲ, ಒಳಗಿನಿಂದ ಅಮ್ಮನವರ ದನಿ ಕೇಳಿ ಅಂದು ಬೆಳಕಿರುವಾಗಲೇ ಎದ್ದು ತಮ್ಮ ಹೆಂಡತಿಯ ಬಳಿಗೆ ಹೋದರು."