ಅಳಿವೆಯ ಊರಿನ ಅಭಿಪ್ರಾಯ

"ಗುರುಗಳೇ, ಆಳುವವರು ಜನರನ್ನು ಕೇಳಿ ಆಳುವುದಕ್ಕಿಂತ ಒಳ್ಳೆಯದು ಏನಿದೆ?" ಎಂದು ಶಿಷ್ಯನೊಬ್ಬ ಕೇಳಿದ.

ಅವನು ಮಠದಲ್ಲಿ ಓದು ಮುಗಿಸಿದ್ದ. ಬಜೆಟ್ ಮಂಡಿಸುವ ಮೊದಲು ಊರೂರಿಗೆ ಹೋಗಿ ಮತದಾರರ ಅಭಿಪ್ರಾಯ ಸಂಗ್ರಹಿಸುವ ಕೆಲಸಕ್ಕೆ ಸರ್ಕಾರ ಅವನನ್ನು ಕರೆದಿತ್ತು. ಹೊರಡುವ ಮುನ್ನ ಆಶೀರ್ವಾದ ಬೇಡಲು ಬಂದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ನದಿ ಕಡಲನ್ನು ಸೇರುವ ಅಳಿವೆಯ ದಡದಲ್ಲಿ ಮೀನುಗಾರರ ಒಂದು ಊರಿತ್ತು. ಅಳಿವೆಯಲ್ಲಿ ಹೂಳು ತುಂಬಿತ್ತು. ಕಡಲಿಗೆ ಹೋಗುವ ದೋಣಿಗಳು ಅದನ್ನು ದಾಟಿಯೇ ಹೋಗಬೇಕು. ವರ್ಷಕ್ಕೊಮ್ಮೆಯಾದರೂ ಅಲ್ಲಿ ದೋಣಿ ಮಗುಚುತ್ತಿತ್ತು. ಊರಿನಲ್ಲಿ ವಿಧವೆಯರಿಲ್ಲದ ಓಣಿ ಇರಲಿಲ್ಲ.

ಆ ಊರಿನಲ್ಲಿ ಬೊಮ್ಮಯ್ಯ, ಜಟ್ಟಪ್ಪ ಎಂಬ ಅಣ್ಣತಮ್ಮಂದಿರಿದ್ದರು. ಅಣ್ಣ ಬೊಮ್ಮಯ್ಯನದು ದೊಡ್ಡ ಬೋಟು. ಅವನು ನೀರಿನ ಮೇಲೆ ಪ್ರಖರವಾದ ದೀಪಗಳನ್ನು ಹಚ್ಚಿ ಮೀನು ಸೆಳೆಯುತ್ತಿದ್ದ. ಆ ಬೆಳಕಿಗೆ ಮರಿಮೀನೂ ಬಂದು ಬಲೆಗೆ ಬೀಳುತ್ತಿತ್ತು. ತಮ್ಮ ಜಟ್ಟಪ್ಪನದು ಸಣ್ಣ ದೋಣಿ. ಅಣ್ಣನ ಬೋಟು ಹೋಗಿಬಂದ ಕಡೆ ಅವನ ಬಲೆಗೆ ಏನೂ ಸಿಗುತ್ತಿರಲಿಲ್ಲ. ಇದೇ ಮಾತಿಗೆ ಜಗಳವಾಗಿ ಅವರಿಬ್ಬರೂ ಮಾತು ಬಿಟ್ಟಿದ್ದರು. ತಾಯಿ ಸತ್ತಾಗಲೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಊರಿನಲ್ಲೂ ದೊಡ್ಡ ಬೋಟಿನವರು, ಸಣ್ಣ ದೋಣಿಯವರು ಎಂದು ಎರಡು ಪಂಗಡಗಳಾಗಿದ್ದವು.

ಒಮ್ಮೆ ಆ ಊರಿಗೆ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದ. ಒಳ್ಳೆಯವನು. ಕುರ್ಚಿ ತಂದುಕೊಟ್ಟರೂ ಕೂರದೆ ಜನರ ಜೊತೆ ಮರಳಿನ ಮೇಲೆಯೇ ಕುಳಿತ. "ಬಜೆಟ್ಟಿನ ಹಣ ಯಾವುದಕ್ಕೆ ಖರ್ಚಾಗಬೇಕು, ಮೀನುಗಾರಿಕೆಯ ನೀತಿ ಹೇಗಿರಬೇಕು, ನೀವೇ ಹೇಳಿ. ಸರ್ಕಾರ ಕೇಳಿಕೊಂಡು ಬಾ ಎಂದಿದೆ" ಎಂದ.

ಆ ಊರನ್ನು ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಮೊದಲು ಬಾಯಿ ತೆರೆದವಳು ಒಬ್ಬ ವಿಧವೆ. ಹೊರಗಿನವರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. ಅಳಿವೆಯ ಕಡೆಗೆ ಕೈ ತೋರಿಸಿ, "ಮೊದಲು ಅಲ್ಲಿಯ ಹೂಳು ತೆಗೆಸಿ. ನನ್ನ ಮನೆಯವರು ಹೋದದ್ದು ಅಲ್ಲೇ. ನನ್ನ ಮಗನೂ ಈಗ ಅದೇ ದಾರಿಯಲ್ಲಿ ಹೋಗುತ್ತಾನೆ" ಎಂದಳು. ಆಮೇಲೆ ಎಲ್ಲರೂ ಮಾತಾಡಿದರು.

ದೀಪದ ಮಾತು ಬಂದಾಗ ಸಭೆಯಲ್ಲಿ ಬಿಗುವು ಮೂಡಿತು. ಜಟ್ಟಪ್ಪ ಎದ್ದು ನಿಂತು, ಅಷ್ಟು ವರ್ಷಗಳ ಮೇಲೆ ಮೊದಲ ಬಾರಿಗೆ ಅಣ್ಣನಿಗೇ ನೇರವಾಗಿ ಹೇಳಿದ: "ಅಣ್ಣ, ನಿನ್ನ ಮೇಲೆ ನನಗೆ ಹಗೆಯಿಲ್ಲ. ಮರಿಗಳನ್ನೆಲ್ಲ ಹಿಡಿದರೆ ನಾಳೆ ನಿನ್ನ ಬೋಟಿಗೂ ಮೀನಿರುವುದಿಲ್ಲ. ಇವರು ಕೇಳಲು ಬಂದಿದ್ದಾರೆ. ನಾವು ಒಂದೇ ಮಾತು ಹೇಳಿ ಕಳಿಸೋಣ."

ಬೊಮ್ಮಯ್ಯ ಎದ್ದು ತಮ್ಮನ ಪಕ್ಕಕ್ಕೆ ಬಂದು ನಿಂತ. "ಎಲ್ಲರಿಗೂ ಒಂದೇ ಕಾನೂನು ಆಗುವುದಾದರೆ ನಾನೂ ದೀಪ ಇಳಿಸುತ್ತೇನೆ" ಎಂದ. ಅಧಿಕಾರಿಯ ಕಣ್ಣು ತುಂಬಿ ಬಂತು. ಊರು ಅವನಿಗೆ ಒಟ್ಟಿಗೆ ಊಟ ಹಾಕಿತು. ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಕುಳಿತು ಉಂಡರು.

ಕಾನೂನು ಬರುವವರೆಗೂ ಬೊಮ್ಮಯ್ಯ ಕಾಯಲಿಲ್ಲ. ಮಾತು ಕೊಟ್ಟಾಯಿತಲ್ಲ ಎಂದು ಮರುವಾರವೇ ಬೋಟಿನ ದೀಪಗಳನ್ನು ಬಿಚ್ಚಿ ಇಳಿಸಿದ. ಸಿಗುತ್ತಿದ್ದ ಮೀನು ಅರ್ಧಕ್ಕಿಳಿಯಿತು. ಅವನು ದೂರಲಿಲ್ಲ.

ಬಜೆಟ್ ಬಂತು. ಅಳಿವೆಯ ಹೂಳು ತೆಗೆಯಲು ಹಣ ಇಟ್ಟಿದ್ದರು. ಊರು ಸಿಹಿ ಹಂಚಿತು. ದೊಡ್ಡ ಯಂತ್ರಗಳು ಬಂದು ಹೂಳೆತ್ತಿದವು. ಕೆಲಸ ಮುಗಿದ ಮೇಲೆ ಆ ದಾರಿಯಲ್ಲಿ ಒಬ್ಬ ವ್ಯಾಪಾರಿಯ ಹಡಗುಗಳು ಒಳಗೆ ಬಂದವು. ಅವನಿಗಾಗಿ ದಡದಲ್ಲಿ ಬಂದರು ಎದ್ದಿತು. ಹಡಗುಗಳಿಗೆ ಅಡ್ಡವಾಗುತ್ತದೆಂದು ಅಳಿವೆಯಲ್ಲಿ ಮೀನುಗಾರರ ದೋಣಿ ಇಳಿಯಕೂಡದು ಎಂದು ಹಲಗೆ ನೆಟ್ಟರು. ಕಡಲಿಗೆ ಹೋಗುವವರು ಹೆಗಲ ಮೇಲೆ ದೋಣಿ ಹೊತ್ತು ಬಂಡೆಗಳ ಕಡೆಯಿಂದ ಇಳಿಯಬೇಕಾಯಿತು. ವಿಧವೆಯ ಮಗ ಆ ಬಂಡೆಗಳ ನಡುವೆಯೇ ಸತ್ತ.

ಹೊಸ ಮೀನುಗಾರಿಕಾ ನೀತಿಯೂ ಬಂತು. ದಡದ ಹತ್ತಿರ ದೀಪ ಹಚ್ಚಿ ಮೀನು ಹಿಡಿಯುವುದನ್ನು ನಿಷೇಧಿಸಿದ್ದರು. ದೂರ ಸಮುದ್ರದಲ್ಲಿ ಅದೇ ವ್ಯಾಪಾರಿಯ ಮೀನು ಹಿಡಿಯುವ ಹಡಗುಗಳಿಗೆ ಅದಕ್ಕೆ ಅನುಮತಿ ಇತ್ತು. ಊರಿನ ಬೋಟು ಯಾವುದೂ ಅಷ್ಟು ದೂರ ಹೋಗಲಾರದು. ಹೂಳೆತ್ತುವ ಆದೇಶ, ಮೀನುಗಾರಿಕಾ ನೀತಿ ಎರಡರ ತಲೆಬರಹದಲ್ಲೂ 'ಜನರ ಅಭಿಪ್ರಾಯದಂತೆ' ಎಂದು ಬರೆದಿತ್ತು.

ಬಂಡೆಗಳ ಕಡೆಯಿಂದ ಇಳಿಸಲಾಗದ ಬೋಟನ್ನು ಮಾರಿ ಬೊಮ್ಮಯ್ಯ ವ್ಯಾಪಾರಿಯ ಹಡಗಿನಲ್ಲಿ ಕೂಲಿಗೆ ಸೇರಿದ. ಅಲ್ಲಿ ಅವನ ಕೆಲಸ ದೀಪ ಹಚ್ಚುವುದು. ಹೊರಡುವ ದಿನ ತಮ್ಮನ ಅಂಗಳದಲ್ಲಿ ನಿಂತು, "ನಿನ್ನ ಮಾತು ಕೇಳಿ ಇಳಿಸಿದೆ. ಇನ್ನು ನನ್ನ ಮಕ್ಕಳು ನಿನ್ನ ಮನೆ ಹೊಸ್ತಿಲು ತುಳಿಯುವುದಿಲ್ಲ" ಎಂದು ಹೇಳಿ ಹೋದ. ಮೊದಲಿನ ಜಗಳ ಮೀನಿನದಾಗಿತ್ತು. ಇದು ನಂಬಿಕೆಯದು.

ಜಟ್ಟಪ್ಪ ರಾಜಧಾನಿಗೆ ಹೋಗಿ ಆ ಅಧಿಕಾರಿಯನ್ನು ಹುಡುಕಿದ. ಅಧಿಕಾರಿ ಅವನನ್ನು ಗುರುತು ಹಿಡಿದು ಒಳಗೆ ಕರೆದ.

"ನೀವು ಹೇಳಿದ್ದರಲ್ಲಿ ನಾನು ಒಂದು ಅಕ್ಷರ ಬದಲಿಸಲಿಲ್ಲ. ಬಂದರಿನ ತೀರ್ಮಾನ ನಾನು ಹೊರಡುವ ಮೊದಲೇ ಆಗಿತ್ತಂತೆ. ನಿಮ್ಮ ಮಾತಿನಲ್ಲಿ ಅದಕ್ಕೆ ಹೊಂದುವಷ್ಟನ್ನು ಆರಿಸಿಕೊಂಡರು. ನನಗೆ ತಿಳಿದದ್ದು ಆಮೇಲೆ" ಎಂದ.

"ತಿಳಿದ ಮೇಲೆ ಈ ಕೆಲಸ ಬಿಟ್ಟಿರಾ ಸ್ವಾಮಿ?"

"ಇಲ್ಲ. ಇನ್ನೂ ಕೆಲವು ಊರುಗಳು ಉಳಿದಿದ್ದವು. ಅಲ್ಲಿಗೂ ಹೋದೆ. ಅವರೂ ನಿಮ್ಮ ಹಾಗೆಯೇ ಮನಸ್ಸು ಬಿಚ್ಚಿ ಮಾತಾಡಿದರು."

ಜಟ್ಟಪ್ಪ ಎದ್ದು ಊರಿಗೆ ಬಂದ.

ಹಿಂದೆ ಆ ಊರಿನವರು ಅನ್ಯಾಯವಾದಾಗ ರಸ್ತೆಗೆ ದೋಣಿ ಅಡ್ಡ ಇಟ್ಟು ಕೂರುತ್ತಿದ್ದರು. ಕಚೇರಿಯ ಮುಂದೆ ಹೋಗಿ, ನಮ್ಮನ್ನು ಕೇಳದೆ ಹೇಗೆ ಮಾಡಿದಿರಿ ಎಂದು ಕೂಗುತ್ತಿದ್ದರು. ಎಷ್ಟೋ ಸಲ ಅಧಿಕಾರಿಗಳು ಹೆದರಿ ಹಿಂದೆ ಸರಿದದ್ದೂ ಉಂಟು. ಈಗ ಯಾವ ಕಚೇರಿಗೆ ಹೋದರೂ, "ನಿಮ್ಮನ್ನು ಕೇಳಿಯೇ ಮಾಡಿದ್ದಲ್ಲವೇ?" ಎನ್ನುತ್ತಿದ್ದರು. ಜನ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು. ಕೇಳಿದ್ದು ನಿಜ, ಹೇಳಿದ್ದೂ ನಿಜ.

ಮುಂದಿನ ಬಜೆಟ್ಟಿಗೆ ಇನ್ನೊಬ್ಬ ಅಧಿಕಾರಿ ಬಂದ. ಜನ ಅವನಿಗೆ ಎಳನೀರು ಕೊಟ್ಟರು. ಏನು ಕೇಳಿದರೂ, "ಎಲ್ಲ ಸರಿಯಾಗಿದೆ ಸ್ವಾಮಿ" ಎಂದರು. ಈ ಊರಿನವರು ತೃಪ್ತರಾಗಿದ್ದಾರೆ ಎಂದು ಬರೆದುಕೊಂಡು ಅವನು ಹೋದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಮೋಸ ಮಾಡಿದವರು ಮೇಲಿನವರು. ಆ ಮೊದಲ ಅಧಿಕಾರಿ ಜನರನ್ನು ಪ್ರೀತಿಯಿಂದ ಕೇಳಿದ, ಕೇಳಿದ್ದನ್ನು ಹಾಗೆಯೇ ಬರೆದ. ಅವನಿಂದ ಊರಿಗೆ ಯಾವ ಕೇಡಾಯಿತು?" ಎಂದು ಕೇಳಿದ.

ಗುರುಗಳು ಹೇಳಿದರು: "ಎಂದೂ ಕೇಳದ ಸರ್ಕಾರಗಳಿಗೆ ಆ ಊರಿನ ಬಾಯಿ ಮುಚ್ಚಿಸಲು ಆಗಿರಲಿಲ್ಲ, ಅದಕ್ಕೆ ಒಬ್ಬ ಒಳ್ಳೆಯವನು ಬೇಕಾಗಿದ್ದ."