ಕೊಂಬಿಲ್ಲದ ತವರ

ಹಿತ್ತಾಳೆ ಪಾತ್ರೆಯ ಒಳಗೆ ಕಲಾಯಿ ಹಾಕುವ ಆ ಹೊಳೆಯುವ ಬಿಳಿ ಲೋಹಕ್ಕೆ ನಮ್ಮೂರಲ್ಲಿ ಏನೋ ಅನ್ನುತ್ತಿದ್ದರು. ತವರು ಅಂತ ಬಾಯಿಗೆ ಬರುತ್ತದೆ, ಅದಲ್ಲ. ತವರ. ಹೌದು, ತವರ.

ಹೊಸ ಸೊಸೆಯ ಜೊತೆ ಬಂದ ಹಿತ್ತಾಳೆ ಪಾತ್ರೆಯೊಂದು ಕಲಾಯಿಯವನ ಒಲೆಯ ಬಳಿ ತವರದ ತುಂಡನ್ನು ಕಂಡು ನಕ್ಕಿತು. "ಅಯ್ಯಾ, ಕೊನೆಗೊಂದು ಕೊಂಬಿದ್ದರೆ ನೀನೂ ತವರು ಅನ್ನಿಸಿಕೊಳ್ಳುತ್ತಿದ್ದೆ. ಕೊಂಬಿಲ್ಲದವನನ್ನು ನನ್ನ ಚಿನ್ನದಂಥ ಮೈಗೆ ಸೇರಿಸಲಾರೆ."

"ಸೇರಿಸಬೇಡ" ಎಂದಿತು ತವರ. "ಇವತ್ತು ಆ ಹುಡುಗಿ ನಿನ್ನಲ್ಲಿ ಹುಣಸೆಹುಳಿ ಸಾರು ಮಾಡುತ್ತಾಳೆ. ಹುಳಿಗೆ ನೀನು ಕಿಲುಬು ಬಿಡುತ್ತೀಯೆ. ಉಂಡವರಿಗೆ ಹೊಟ್ಟೆ ತೊಳಸಿದರೆ ಬೈಗುಳ ಅವಳಿಗೆ, ಅಟ್ಟ ನಿನಗೆ."

ಪಾತ್ರೆ ತನ್ನ ಮೈ ನೋಡಿಕೊಂಡಿತು. "ನೀನು ಬಂದರೆ ನನ್ನ ಹೊಳಪು?"

"ಹೊರಗಿನದೆಲ್ಲ ನಿನ್ನದೇ. ನನ್ನ ಕೆಲಸ ಒಳಗೆ."

"ಕೊಂಬಿಲ್ಲದೆ ಅವಳನ್ನು ಹೇಗೆ ಕಾಯುತ್ತೀ?"

"ಕೊಂಬಿದ್ದವರು ಕರಗುವುದಿಲ್ಲವಲ್ಲಮ್ಮ" ಎಂದು ತವರ ಕಾದ ಪಾತ್ರೆಯೊಳಗೆ ಇಳಿದು ನೀರಾಯಿತು.

ಮಧ್ಯಾಹ್ನ ಮಾವನವರು ಎರಡನೇ ಸಲ ಸಾರು ಹಾಕಿಸಿಕೊಂಡರು. ಹುಡುಗಿ ಆ ಮನೆಯಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡಳು.

ಮೈಥಿಲಿ, ಈ ನಾಗಪುರದಲ್ಲಿ ತವರದಂಥ ನಮ್ಮೂರ ಮಾತು ಆಡುವವರು ನನಗೆ ಸಿಗುವುದಿಲ್ಲ. ನಾಳೆಗೆ ಮತ್ತೆ ಮರೆತೇನು, ಬರೆದಿಡು ಮಗಳೇ.